ದಂಗೆಗೆ ಗುಮಾಸ್ತರು ಸಿಕ್ಕ ಕಾಲ

1772ರ ನವೆಂಬರ್ 2ರಂದು ಬಾಸ್ಟನ್ನಿನ ಫ್ಯಾನಿಯಲ್ ಹಾಲ್‌ನಲ್ಲಿ ಊರಸಭೆ ಸೇರಿತ್ತು. ಅಂದು ಸ್ಯಾಮ್ಯುಯೆಲ್ ಆಡಮ್ಸ್ ಮಂಡಿಸಿದ ಠರಾವು ಕೇಳುವುದಕ್ಕೆ ತೀರ ಸಪ್ಪೆ. ಇಪ್ಪತ್ತೊಂದು ಜನರದೊಂದು ಸಮಿತಿ ಮಾಡೋಣ. ನಮ್ಮ ಹಕ್ಕುಗಳು ಯಾವುವು, ಅವಕ್ಕೆ ಎಲ್ಲೆಲ್ಲಿ ಭಂಗ ಬಂದಿದೆ ಎಂದು ಅದು ಬರೆದಿಡಲಿ. ಬರೆದದ್ದನ್ನು ಪ್ರಾಂತ್ಯದ ಉಳಿದ ಊರುಗಳಿಗೆ ಕಳಿಸಿ, ನಿಮಗೇನನ್ನಿಸುತ್ತದೆ ಎಂದು ಕೇಳಲಿ. ಇಷ್ಟೇ. ಊರಿನ ದೊಡ್ಡ ವ್ಯಾಪಾರಿ ಜಾನ್ ಹ್ಯಾನ್‌ಕಾಕ್‌ನಂಥವರೂ ಸಮಿತಿ ಸೇರಲು ಒಪ್ಪಲಿಲ್ಲ. ಮ್ಯಾಸಚೂಸೆಟ್ಸ್‌ನ ಗವರ್ನರ್ ಥಾಮಸ್ ಹಚಿನ್‌ಸನ್‌ಗಂತೂ ಒಳಗೊಳಗೇ ನಗು. ಇಂಥ ಮೂರ್ಖ ಯೋಜನೆಗೆ ಕೈಹಾಕಿ ಆಡಮ್ಸ್‌ನ ಗುಂಪು ತಾನಾಗಿ ನಗೆಪಾಟಲಾಗುತ್ತದೆ ಎಂದು ಅವನ ಲೆಕ್ಕಾಚಾರ.

ಹಚಿನ್‌ಸನ್ ದಡ್ಡನಲ್ಲ. ಆ ನೆಲದಲ್ಲೇ ಬೇರುಬಿಟ್ಟ ಹಳೆಯ ಮನೆತನದವನು, ಮ್ಯಾಸಚೂಸೆಟ್ಸ್‌ನ ಇತಿಹಾಸ ಬರೆದ ವಿದ್ವಾಂಸ. ದಂಗೆ ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಏಳು ವರ್ಷದ ಹಿಂದೆ ಅವನ ಮನೆಯನ್ನೇ ಜನ ಒಂದು ರಾತ್ರಿಯಲ್ಲಿ ಕೆಡವಿದ್ದರು. ಅವನಿಗೆ ಗೊತ್ತಿಲ್ಲದ್ದು ಕಾಗದ ಬರೆಯುವ ದಂಗೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1774ರ ಜೂನ್ 1ರಂದು, ಅವನು ಇಂಗ್ಲೆಂಡಿಗೆ ಹಡಗು ಹತ್ತಿದ. ತಿರುಗಿ ಬರಲಿಲ್ಲ.

ಅಮೆರಿಕದ ಸ್ವಾತಂತ್ರ್ಯ ಎಂದರೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಬಾಸ್ಟನ್ ಬಂದರಿನ ಚಹಾ, ವಾಷಿಂಗ್ಟನ್‌ನ ಸೇನೆ, ಜೆಫರ್ಸನ್‌ನ ಘೋಷಣೆ. ಮೂರೂ ದೊಡ್ಡವೇ. ಆದರೆ ಚಹಾ ಎಸೆದ ರಾತ್ರಿಗೂ ಘೋಷಣೆಯ ಹಗಲಿಗೂ ನಡುವೆ ಎರಡೂವರೆ ವರ್ಷವಿದೆ. ಆ ಎರಡೂವರೆ ವರ್ಷದಲ್ಲಿ, ಒಬ್ಬರನ್ನೊಬ್ಬರು ನಂಬದ ಹದಿಮೂರು ವಸಾಹತುಗಳು ಒಂದೇ ಮಾತಿಗೆ ಬಂದದ್ದು ಹೇಗೆ ಎಂಬುದು ನನ್ನ ಮಟ್ಟಿಗೆ ಹೆಚ್ಚು ಕುತೂಹಲದ ಸಂಗತಿ. ಅದಕ್ಕೆ ಉತ್ತರ ಹುಡುಕಲು ಹೋದರೆ ಕೈಗೆ ಸಿಗುವುದು ಕತ್ತಿ, ಕೋವಿ ಅಲ್ಲ; ಸಭೆಯ ನಡಾವಳಿ, ಪತ್ರದ ಕಟ್ಟು, ಹೆಸರಿನ ಪಟ್ಟಿ.

ಮೊದಲ ಜಗಳ ಸಾಲದಿಂದ ಹುಟ್ಟಿತು. ಫ್ರಾನ್ಸಿನೊಡನೆ ನಡೆದ ಸಪ್ತವಾರ್ಷಿಕ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ ಗೆದ್ದಿತ್ತು, ಜೊತೆಗೆ ಸುಮಾರು 13 ಕೋಟಿ ಪೌಂಡ್ ಸಾಲದಲ್ಲಿ ಮುಳುಗಿತ್ತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡಬೇಕೆಂದು ಲಂಡನ್ ತೀರ್ಮಾನಿಸಿತು. ಅದರ ಖರ್ಚಿನ ಒಂದು ಪಾಲನ್ನು ಅಲ್ಲಿನವರೇ ಕೊಡಲಿ ಎಂದು ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಹೇಳಿದ. ನ್ಯಾಯವಾಗಿ ನೋಡಿದರೆ ಇದು ಅತಿಯಾಸೆಯೇನಲ್ಲ. ಇಂಗ್ಲೆಂಡಿನ ಪ್ರಜೆಗಿಂತ ವಸಾಹತಿನವನ ತೆರಿಗೆ ಬಹಳ ಕಡಿಮೆಯಿತ್ತು. ಆದರೆ ತಮ್ಮ ಶಾಸನಸಭೆಗಳಲ್ಲಿ ತಾವೇ ತೆರಿಗೆ ಹಾಕಿಕೊಳ್ಳುವುದು ಅವರಿಗೆ ತಲೆಮಾರುಗಳ ರೂಢಿ. ತಮ್ಮ ಪ್ರತಿನಿಧಿ ಒಬ್ಬನೂ ಇಲ್ಲದ ಸಂಸತ್ತು ತಮ್ಮ ಜೇಬಿಗೆ ಕೈಹಾಕುವುದೆಂದರೇನು ಎಂಬುದು ಅವರ ಪ್ರಶ್ನೆ.

1765ರ ಸ್ಟಾಂಪ್ ಆಕ್ಟ್ ಆ ಪ್ರಶ್ನೆಯನ್ನು ಎಲ್ಲರ ಬಾಯಿಗೆ ತಂದಿತು. ಪತ್ರಿಕೆ, ಪಂಚಾಂಗ, ದಾವೆಯ ಕಾಗದ, ಭೂಮಿಯ ಕ್ರಯಪತ್ರ, ಹೆಂಡದಂಗಡಿಯ ಪರವಾನಗಿ, ಇಸ್ಪೀಟಿನ ಎಲೆ ಸಹ ಛಾಪಾ ಕಾಗದದ ಲೆಕ್ಕಕ್ಕೆ ಬಂದವು. ಕೋಪಿಸಿಕೊಂಡರೆ ಸದ್ದು ಮಾಡಬಲ್ಲವರು ಯಾರೋ ಅವರ ಮೇಲೆಯೇ ಗ್ರೆನ್‌ವಿಲ್ ತೆರಿಗೆ ಹಾಕಿದ್ದ: ಮುದ್ರಕರು, ವಕೀಲರು, ಹೆಂಡದಂಗಡಿಯವರು. ಆಗಸ್ಟ್ 14ರ ಬೆಳಿಗ್ಗೆ ಬಾಸ್ಟನ್ನಿನ ಒಂದು ಎಲ್ಮ್ ಮರಕ್ಕೆ ಛಾಪಾ ಕಾಗದದ ಅಧಿಕಾರಿ ಆಂಡ್ರೂ ಆಲಿವರ್‌ನ ಪ್ರತಿಕೃತಿಯನ್ನು ನೇತುಹಾಕಿದ್ದರು. ಹಿಂದೆ ನಿಂತು ಯೋಚಿಸಿದ್ದು 'ನಿಷ್ಠ ಒಂಬತ್ತು' ಎಂದು ಕರೆದುಕೊಳ್ಳುತ್ತಿದ್ದ ಸಣ್ಣ ವ್ಯಾಪಾರಿಗಳು ಮತ್ತು ಕಸುಬುದಾರರ ಕೂಟ. ಬೀದಿಯಲ್ಲಿ ಜನರನ್ನು ನಡೆಸಿದವನು ಎಬೆನೀಜರ್ ಮೆಕಿಂಟಾಷ್ ಎಂಬ ಚಮ್ಮಾರ. ಆಲಿವರ್ ಮರುದಿನವೇ ಕೆಲಸ ಬಿಡುತ್ತೇನೆಂದ. ಹನ್ನೆರಡು ದಿನ ಬಿಟ್ಟು ಜನ ಹಚಿನ್‌ಸನ್‌ನ ಮನೆಗೆ ನುಗ್ಗಿದರು. ಬಾಗಿಲು, ಗೋಡೆಯ ಹಲಗೆ, ಮಾಡು, ಯಾವುದೂ ಉಳಿಯಲಿಲ್ಲ. ಅವನು ವರ್ಷಗಟ್ಟಲೆ ಕೂಡಿಸಿದ್ದ ಇತಿಹಾಸದ ಹಸ್ತಪ್ರತಿಗಳು ಬೀದಿಯ ಕೆಸರಿಗೆ ಬಿದ್ದವು.

ಈ ಎರಡು ರಾತ್ರಿಗಳಿಂದ ವಿರೋಧದ ಮುಂದಾಳುಗಳು ಎರಡು ಪಾಠ ಕಲಿತರು. ಬೆದರಿಕೆ ಫಲಿಸುತ್ತದೆ ಎಂಬುದು ಒಂದು. ಕಾಯಿದೆ ಜಾರಿಗೆ ಬರಬೇಕಿದ್ದ ನವೆಂಬರ್ 1ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲೆಡೆ ಛಾಪಾ ಕಾಗದದ ಅಧಿಕಾರಿಗಳು ಕೈಚೆಲ್ಲಿದ್ದರು. ಬೀದಿಗಿಳಿದ ಜನ ಹೇಳಿದಲ್ಲಿ ನಿಲ್ಲುವುದಿಲ್ಲ ಎಂಬುದು ಇನ್ನೊಂದು, ಮತ್ತು ಆಸ್ತಿವಂತರಿಗೆ ಇದು ರಾಜನ ತೆರಿಗೆಗಿಂತ ಹೆಚ್ಚು ನಿದ್ದೆಗೆಡಿಸಿತು.

ಅದೇ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಒಂಬತ್ತು ವಸಾಹತುಗಳ 27 ಪ್ರತಿನಿಧಿಗಳು ಕೂಡಿ, ಹದಿನಾಲ್ಕು ಅಂಶಗಳ ಹಕ್ಕೊತ್ತಾಯ ಬರೆದು ರಾಜನಿಗೂ ಸಂಸತ್ತಿಗೂ ಮನವಿ ಕಳಿಸಿದರು. ಲಂಡನ್ನಿನ ಅಪ್ಪಣೆಯಿಲ್ಲದೆ ವಸಾಹತುಗಳು ತಾವಾಗಿ ಸೇರಿದ ಸಭೆ ಅದು. ಆದರೆ ಎಷ್ಟು ಅಂಜಿಕೆಯ ಸಭೆಯೆಂದರೆ, ಅದರ ಅಧ್ಯಕ್ಷ ತಿಮೊಥಿ ರಗಲ್ಸ್ ತನ್ನ ಸಭೆಯ ಮನವಿಗೆ ತಾನೇ ಸಹಿ ಹಾಕಲಿಲ್ಲ. ವ್ಯಾಪಾರಕ್ಕೆ ಪೆಟ್ಟು ಬಿದ್ದ ಇಂಗ್ಲೆಂಡಿನ ವರ್ತಕರೇ ಸಂಸತ್ತಿನ ಮೇಲೆ ಒತ್ತಡ ತಂದರು. 1766ರ ಮಾರ್ಚ್‌ನಲ್ಲಿ ಕಾಯಿದೆ ರದ್ದಾಯಿತು. ಅದೇ ದಿನ, ವಸಾಹತುಗಳ ಮೇಲೆ ಯಾವ ವಿಷಯದಲ್ಲಾದರೂ ಶಾಸನ ಮಾಡುವ ಹಕ್ಕು ತನಗುಂಟು ಎಂದು ಸಂಸತ್ತು ಇನ್ನೊಂದು ಕಾಯಿದೆ ಬರೆದಿಟ್ಟುಕೊಂಡಿತು. ಗೆದ್ದ ಸಂಭ್ರಮದಲ್ಲಿದ್ದವರು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. ಊರೂರಲ್ಲಿ ಹುಟ್ಟಿದ್ದ 'ಸ್ವಾತಂತ್ರ್ಯ ಪುತ್ರರ' ಕೂಟಗಳೂ ಕೆಲಸ ಮುಗಿಯಿತೆಂದು ಚದುರಿದವು.

1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್ ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಸುಂಕ ಹಾಕಿಸಿದಾಗ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಈ ಸಲದ ಆಯುಧ ಬಹಿಷ್ಕಾರ. ಬ್ರಿಟಿಷ್ ಸರಕು ತರಿಸುವುದಿಲ್ಲ ಎಂದು ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳ ವರ್ತಕರು ಕರಾರು ಮಾಡಿಕೊಂಡರು. ಹೆಂಗಸರು ಪಾದ್ರಿಯ ಮನೆಯಂಗಳದಲ್ಲಿ ಗುಂಪಾಗಿ ಕೂತು ನೂಲು ತೆಗೆದರು; ಮನೆಯಲ್ಲಿ ನೇಯ್ದ ಬಟ್ಟೆ ಉಡುವುದು ಅಭಿಮಾನದ ಗುರುತಾಯಿತು. ನಮ್ಮ ಓದುಗರಿಗೆ ಖಾದಿ ನೆನಪಾದರೆ ತಪ್ಪಿಲ್ಲ, ಆದರೆ ಇದು ಅದಕ್ಕಿಂತ ಒಂದೂವರೆ ಶತಮಾನ ಹಿಂದಿನದು.

ಆ ಬಹಿಷ್ಕಾರ ನೆಲಕಚ್ಚಿತು. ಕಾರಣ ಸರಳ: ಅದರ ಕೀಲಿಕೈ ವರ್ತಕರ ಬಳಿ ಇತ್ತು. ಕರಾರಿಗೆ ಸಹಿ ಹಾಕಿದವನೂ ಅವನೇ, ಕರಾರು ಮುರಿದರೆ ಲಾಭ ಪಡೆಯುವವನೂ ಅವನೇ, ಮುರಿದವರಾರೆಂದು ನೋಡಬೇಕಾದವನೂ ಅವನೇ. 1769ರಲ್ಲಿ ಬಾಸ್ಟನ್ನಿನ ಪತ್ರಿಕೆಯವನಾದ ಜಾನ್ ಮೀನ್ ಸುಂಕದ ಕಟ್ಟೆಯ ದಾಖಲೆಗಳನ್ನೇ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕತೊಡಗಿದ. ದೇಶಾಭಿಮಾನದ ಭಾಷಣ ಮಾಡುತ್ತಿದ್ದವರ ಹೆಸರಿನಲ್ಲೇ ಸರಕು ಇಳಿದಿತ್ತು; ಹ್ಯಾನ್‌ಕಾಕ್‌ನ ಹೆಸರೂ ಅಲ್ಲಿತ್ತು. ಮೀನ್ ರಾಜಪಕ್ಷದವನು, ಅವನ ಉದ್ದೇಶ ಒಳ್ಳೆಯದಲ್ಲ ಎಂದು ಹೇಳಬಹುದು. ದಾಖಲೆಗೆ ಮಾತ್ರ ಉತ್ತರ ಬರಲಿಲ್ಲ. ಬಂದದ್ದು ಜನರ ಹಲ್ಲೆ. ಅವನು ಊರು ಬಿಟ್ಟು ಓಡಿದ. 1770ರಲ್ಲಿ ಲಂಡನ್ ಚಹಾದ ಸುಂಕವೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದಾಗ ನ್ಯೂಯಾರ್ಕಿನ ವರ್ತಕರು ಮೊದಲು ಜಾರಿಕೊಂಡರು, ಉಳಿದವರು ಅವರನ್ನು ಬಯ್ಯುತ್ತ ಹಿಂದೆಯೇ ಹೋದರು. ಅದೇ ವರ್ಷ ಮಾರ್ಚ್ 5ರಂದು ಬಾಸ್ಟನ್ನಿನಲ್ಲಿ ಸೈನಿಕರ ಗುಂಡಿಗೆ ಐವರು ಸತ್ತಿದ್ದರು. ಆ ರಕ್ತದ ಕಾವೂ ಬಹಿಷ್ಕಾರವನ್ನು ಉಳಿಸಲಿಲ್ಲ. ಕಾವು ಆರುತ್ತದೆ ಎಂಬುದು ಆಡಮ್ಸ್‌ನಿಗೆ ಅರ್ಥವಾದದ್ದು ಆಗಲೇ ಇರಬೇಕು.

ಈ ಆಡಮ್ಸ್ ವಿಚಿತ್ರ ಮನುಷ್ಯ. ಅಪ್ಪ ಬಿಟ್ಟುಹೋದ ಮಾಲ್ಟ್ ವ್ಯಾಪಾರ ಅವನ ಕೈಯಲ್ಲಿ ಮುಳುಗಿತು. ಊರಿನ ತೆರಿಗೆ ವಸೂಲಿದಾರನಾಗಿದ್ದಾಗ ಸಾವಿರಾರು ಪೌಂಡು ಬಾಕಿ ಉಳಿಸಿಕೊಂಡ. ಜನ ಅವನನ್ನು ಇಷ್ಟಪಡಲು ಅದೂ ಒಂದು ಕಾರಣ ಎನ್ನುವವರಿದ್ದರು. ಹಣಕಾಸಿನಲ್ಲಿ ಹೀಗೆ ಕೈಸೋತವನು ಸಭೆ ಸೇರಿಸುವುದರಲ್ಲಿ, ಪತ್ರಿಕೆಗೆ ಬೇರೆ ಬೇರೆ ಹೆಸರಿನಲ್ಲಿ ಬರೆಯುವುದರಲ್ಲಿ, ಇನ್ನೊಬ್ಬರನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವುದರಲ್ಲಿ ಎತ್ತಿದ ಕೈ. 1772ರಲ್ಲಿ ಪ್ರಾಂತ್ಯದ ನ್ಯಾಯಾಧೀಶರ ಸಂಬಳವನ್ನು ಇನ್ನು ಮುಂದೆ ಶಾಸನಸಭೆಯ ಬದಲು ರಾಜನ ಖಜಾನೆಯೇ ಕೊಡುತ್ತದೆ ಎಂಬ ಸುದ್ದಿ ಬಂದಾಗ ಅವನಿಗೆ ಬೇಕಾದ ನೆಪ ಸಿಕ್ಕಿತು. ಯಾರ ಅನ್ನ ಉಣ್ಣುವರೋ ಅವರ ಹಾಡು ಹಾಡುವರು ಎಂಬ ತರ್ಕವನ್ನು ಹಳ್ಳಿಯ ರೈತನಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಮಿತಿ ನವೆಂಬರ್ 20ಕ್ಕೆ ತನ್ನ ವರದಿ ಒಪ್ಪಿಸಿತು. ಹಕ್ಕುಗಳ ಭಾಗ ಆಡಮ್ಸ್‌ನದು, ಹಕ್ಕುಭಂಗಗಳ ಪಟ್ಟಿ ವೈದ್ಯ ಜೋಸೆಫ್ ವಾರನ್‌ನದು, ಊರುಗಳಿಗೆ ಬರೆದ ಪತ್ರ ಇನ್ನೊಬ್ಬ ವೈದ್ಯ ಬೆಂಜಮಿನ್ ಚರ್ಚ್‌ನದು. 600 ಪ್ರತಿ ಅಚ್ಚಾಗಿ ಊರೂರಿಗೆ ಹೊರಟವು. (ಈ ಚರ್ಚ್ ಬ್ರಿಟಿಷರಿಗೆ ಗುಟ್ಟು ಮಾರುತ್ತಿದ್ದ ಎಂಬುದು 1775ರಲ್ಲಿ ಹೊರಬಿತ್ತು.)

ಮ್ಯಾಸಚೂಸೆಟ್ಸ್‌ನಲ್ಲಿ ಆಗ ಸುಮಾರು 260 ಊರುಗಳು. ಒಂದು ಊರಿಗೆ ಈ ಕರಪತ್ರ ಬಂದರೆ ಆಗುತ್ತಿದ್ದದ್ದೇನು? ಉತ್ತರ ಕೊಡಬೇಕಾದರೆ ಸಭೆ ಕರೆಯಬೇಕು. ಸಭೆ ಎಂದರೆ ಚರ್ಚಿನ ಕಟ್ಟಡದಲ್ಲಿ ಊರಿನ ಗಂಡಸರೆಲ್ಲ ಸೇರುವುದು. ಗುಮಾಸ್ತ ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಚರ್ಚೆ, ಅನಂತರ ಊರಿನದೇ ಒಂದು ಸಮಿತಿ, ಅದು ಬರೆದ ಕರಡಿನ ಮೇಲೆ ಮತ್ತೆ ಚರ್ಚೆ, ಮತ, ಊರ ಪುಸ್ತಕದಲ್ಲಿ ದಾಖಲು, ಬಾಸ್ಟನ್ನಿಗೆ ಉತ್ತರ. ಇಷ್ಟು ಮಾಡಿದ ಊರು ಮೊದಲಿನ ಊರಾಗಿ ಉಳಿಯುವುದಿಲ್ಲ. ಅದುವರೆಗೆ ಹಂದಿ ಬೇಲಿ ದಾಟಿದ್ದು, ಶಾಲೆಯ ಮೇಷ್ಟರ ಸಂಬಳ, ಸೇತುವೆ ರಿಪೇರಿ ಚರ್ಚಿಸುತ್ತಿದ್ದ ರೈತರು ಮನುಷ್ಯನ ಸಹಜ ಹಕ್ಕುಗಳ ಬಗ್ಗೆ ತಮ್ಮ ಕೈಯಾರೆ ಠರಾವು ಬರೆದಿದ್ದರು. ಕೆಲವು ತಿಂಗಳಲ್ಲಿ ನೂರಕ್ಕೂ ಹೆಚ್ಚು ಊರುಗಳಿಂದ ಉತ್ತರ ಬಂದವು. ಬಾಸ್ಟನ್ನಿನ ಗುಮಾಸ್ತ ವಿಲಿಯಂ ಕೂಪರ್ ಅವನ್ನೆಲ್ಲ ಜೋಪಾನವಾಗಿಟ್ಟ. ಆಯ್ದವು ಪತ್ರಿಕೆಯಲ್ಲಿ ಅಚ್ಚಾದವು. ತನ್ನ ಊರಿನ ಮಾತನ್ನು ಅಚ್ಚಿನಲ್ಲಿ ಕಂಡ ರೈತ ಪಕ್ಕದ ಊರಿನದನ್ನೂ ಓದಿದ. ನಾವು ಒಂಟಿಯಲ್ಲ ಎಂಬ ಅರಿವು ಹುಟ್ಟಿಸಲು ಇದಕ್ಕಿಂತ ಅಗ್ಗದ ಉಪಾಯವಿರಲಿಲ್ಲ.

ರಾಜನಿಷ್ಠ ವಕೀಲ ಡೇನಿಯಲ್ ಲೆನರ್ಡ್ ಈ ಸಮಿತಿಯನ್ನು ರಾಜದ್ರೋಹದ ಮೊಟ್ಟೆಯಿಂದ ಹೊರಬಂದ ವಿಷಸರ್ಪಕ್ಕೆ ಹೋಲಿಸಿ ಬರೆದ. ಹಚಿನ್‌ಸನ್‌ಗಿಂತ ಅವನ ಕಣ್ಣು ಚುರುಕು.

1773ರ ಮಾರ್ಚ್ 12ರಂದು ವರ್ಜಿನಿಯಾದ ಶಾಸನಸಭೆ ಇನ್ನೊಂದು ಹೆಜ್ಜೆ ಇಟ್ಟಿತು. ಉಳಿದ ವಸಾಹತುಗಳ ಶಾಸನಸಭೆಗಳೊಡನೆ ಪತ್ರವ್ಯವಹಾರ ನಡೆಸಲು ಹನ್ನೊಂದು ಜನರ ಸಮಿತಿ; ಪ್ಯಾಟ್ರಿಕ್ ಹೆನ್ರಿ, ರಿಚರ್ಡ್ ಹೆನ್ರಿ ಲೀ, ಮೂವತ್ತು ವರ್ಷವೂ ತುಂಬದ ಥಾಮಸ್ ಜೆಫರ್ಸನ್ ಅದರಲ್ಲಿದ್ದರು. ಒಂದು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲ ವಸಾಹತುಗಳೂ ಇಂಥ ಸಮಿತಿ ಮಾಡಿಕೊಂಡವು. ಗವರ್ನರ್ ಶಾಸನಸಭೆಯನ್ನು ವಿಸರ್ಜಿಸಬಹುದಿತ್ತು, ಪತ್ರ ಬರೆಯುವ ಹನ್ನೊಂದು ಜನರನ್ನು ವಿಸರ್ಜಿಸುವುದು ಹೇಗೆ?

ಈ ಬಲೆ ಹೆಣೆದು ಮುಗಿಯುವ ಹೊತ್ತಿಗೆ ಚಹಾ ಬಂತು. ಇಲ್ಲಿ ನಮಗೂ ಸಂಬಂಧಪಟ್ಟ ಒಂದು ಎಳೆಯಿದೆ. 1769–70ರ ಬಂಗಾಳದ ಭೀಕರ ಕ್ಷಾಮ, ಯುದ್ಧಗಳ ಖರ್ಚು, ಅಧಿಕಾರಿಗಳ ಲೂಟಿ, ಲಂಡನ್ನಿನ ಸಾಲದ ಬಿಕ್ಕಟ್ಟು, ಎಲ್ಲ ಸೇರಿ ಈಸ್ಟ್ ಇಂಡಿಯಾ ಕಂಪನಿ 1772ರಲ್ಲಿ ದಿವಾಳಿಯ ಅಂಚಿಗೆ ಬಂದಿತ್ತು. ಗೋದಾಮುಗಳಲ್ಲಿ ಕೋಟಿಗೂ ಮೀರಿದ ಪೌಂಡು ತೂಕದ ಚಹಾ ಕೊಳೆಯುತ್ತಿತ್ತು. ಅದು ಭಾರತದ ಚಹಾ ಅಲ್ಲ, ಚೀನಾದ್ದು; ಅಸ್ಸಾಮಿನ ತೋಟಗಳು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ದೂರದ ಮಾತು. ಕಂಪನಿ ಅದನ್ನು ನೇರವಾಗಿ ಅಮೆರಿಕದಲ್ಲಿ ಮಾರಲು 1773ರ ಕಾಯಿದೆ ಅವಕಾಶ ಕೊಟ್ಟಿತು. ಚಹಾ ಅಗ್ಗವಾಗುತ್ತಿತ್ತು, ಆದರೆ ಕೊಂಡವನು ಸಂಸತ್ತಿನ ಸುಂಕ ಒಪ್ಪಿಕೊಂಡಂತೆ. ಫಿಲಡೆಲ್ಫಿಯಾದ ವಕೀಲ ಜಾನ್ ಡಿಕಿನ್‌ಸನ್ ಆಗ ಬರೆದ ಕರಪತ್ರದಲ್ಲಿ ಬಂಗಾಳದ ಕ್ಷಾಮವನ್ನೇ ಎತ್ತಿ ತೋರಿಸಿದ: ಅಲ್ಲಿ ಅನ್ನ ಬಚ್ಚಿಟ್ಟು ಜನರನ್ನು ಕೊಂದ ಕಂಪನಿ ಈಗ ಅಮೆರಿಕದತ್ತ ತಿರುಗಿದೆ ಎಂಬುದು ಅವನ ವಾದ. ನಮ್ಮವರ ಸಾವು ಅಟ್ಲಾಂಟಿಕ್‌ನ ಆಚೆ ದಡದಲ್ಲಿ ರಾಜಕೀಯದ ಮಾತಾದದ್ದು ಹೀಗೆ.

ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾ ಬಾಸ್ಟನ್ ಬಂದರಿಗೆ ಬಿದ್ದ ಕತೆ ಎಲ್ಲರಿಗೂ ಗೊತ್ತು. ಅದರ ಹಿಂದಿನ ವಾರಗಳಲ್ಲಿ ಬಾಸ್ಟನ್, ರಾಕ್ಸ್‌ಬರಿ, ಡಾರ್ಚೆಸ್ಟರ್, ಬ್ರೂಕ್‌ಲೈನ್, ಕೇಂಬ್ರಿಜ್ ಊರುಗಳ ಪತ್ರವ್ಯವಹಾರ ಸಮಿತಿಗಳು ಒಟ್ಟಿಗೆ ಕೂತು ಕಾವಲು ಹಾಕಿಸಿದ್ದು, ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾಗಳೊಡನೆ ಪತ್ರ ನಡೆಸಿದ್ದು ಅಷ್ಟು ಗೊತ್ತಿಲ್ಲ. ಬಾಸ್ಟನ್ ಕೈಕೊಟ್ಟೀತೇ ಎಂದು ಉಳಿದ ಊರುಗಳಿಗೆ ಅನುಮಾನ. 1770ರ ಕಹಿ ಇನ್ನೂ ಹೋಗಿರಲಿಲ್ಲ. ಚಹಾ ಮುಳುಗಿದ ಮರುದಿನವೇ ಬೆಳ್ಳಿ ಕೆಲಸದ ಪಾಲ್ ರಿವಿಯರ್ ಕುದುರೆ ಹತ್ತಿ ಸುದ್ದಿ ಮುಟ್ಟಿಸಲು ದಕ್ಷಿಣಕ್ಕೆ ಹೊರಟ.

ಲಂಡನ್ ಕೆರಳಿತು. 1774ರ ಜೂನ್ 1ರಿಂದ ಬಾಸ್ಟನ್ ಬಂದರು ಬಂದ್. ಮ್ಯಾಸಚೂಸೆಟ್ಸ್‌ನ ಸನ್ನದು ಮೊಟಕಾಯಿತು. ಮೇಲ್ಮನೆಯ ಸದಸ್ಯರನ್ನು ಇನ್ನು ರಾಜನೇ ನೇಮಿಸುವನು, ವರ್ಷಕ್ಕೊಂದು ಸಭೆ ಬಿಟ್ಟರೆ ಗವರ್ನರನ ಅಪ್ಪಣೆಯಿಲ್ಲದೆ ಊರಸಭೆ ಸೇರಕೂಡದು. ಹೊಸ ಗವರ್ನರ್ ಆಗಿ ಬಂದವನು ಸೇನಾಪತಿ ಥಾಮಸ್ ಗೇಜ್. ಅವನು ಬಾಸ್ಟನ್ನಿನ ಹಿರಿಯರನ್ನು ಕರೆಸಿ ಸಭೆ ಕರೆಯಬೇಡಿ ಎಂದ. ನಾವು ಹೊಸ ಸಭೆ ಕರೆದೇ ಇಲ್ಲ, ಹಳೆಯದನ್ನೇ ಮುಂದೂಡುತ್ತಿದ್ದೇವೆ ಎಂದು ಅವರು ಉತ್ತರಿಸಿದರು. ಹೀಗಾದರೆ ನಿಮ್ಮ ಸಭೆ ಹತ್ತು ವರ್ಷ ನಡೆದೀತು ಎಂದು ಗೇಜ್ ಗೊಣಗಿಕೊಂಡ. ಕಾನೂನಿನ ಅಕ್ಷರ ಹಿಡಿದು ಕಾನೂನನ್ನೇ ಸುಸ್ತು ಮಾಡುವ ಈ ಜಾಣತನ ನಮ್ಮ ತಾಲ್ಲೂಕು ಕಚೇರಿಗಳನ್ನು ಕಂಡವರಿಗೆ ಹೊಸದಾಗಿ ತೋರದು.

ಹಳ್ಳಿಗಾಡು ಮುಂದೂಡುವ ಆಟ ಆಡಲಿಲ್ಲ. ರಾಜನ ಹೊಸ ಕಾಯಿದೆಯಂತೆ ನ್ಯಾಯಾಲಯ ನಡೆಯಕೂಡದು ಎಂದು ಪಶ್ಚಿಮದ ಜಿಲ್ಲೆಗಳ ಸಮಿತಿಗಳು ತೀರ್ಮಾನಿಸಿದವು. ಸೆಪ್ಟೆಂಬರ್ 6ರಂದು ವುಸ್ಟರ್ ಪಟ್ಟಣದಲ್ಲಿ ನ್ಯಾಯಾಲಯ ಕೂರಬೇಕಿತ್ತು. ಅಂದು ಬೆಳಗಾಗುವಷ್ಟರಲ್ಲಿ 37 ಊರುಗಳ ನಾಡಪಡೆಗಳು ಅಲ್ಲಿ ಸೇರಿದ್ದವು. ಯಾರೋ ಎಣಿಸಿ ಬರೆದಿಟ್ಟಿದ್ದಾನೆ: 4,622 ಜನ. ಕಟ್ಟಡದ ಬಾಗಿಲು ಮುಚ್ಚಿ, ನ್ಯಾಯಾಧೀಶರನ್ನೂ ಅಧಿಕಾರಿಗಳನ್ನೂ ಹೆಂಡದಂಗಡಿಯಲ್ಲಿ ಕಾಯಿಸಿ, ಪ್ರತಿ ಊರಿನ ಪಡೆಯೂ ತನ್ನ ಪ್ರತಿನಿಧಿಯನ್ನು ಆರಿಸಿ ಮಾತುಕತೆಗೆ ಕಳಿಸಿತು. ಕರಡು ಒಪ್ಪಿಗೆಯಾಗುವುದಕ್ಕೆ ಅರ್ಧ ದಿನ ಹಿಡಿಯಿತು. ಪ್ರತಿನಿಧಿಗಳು ತಂದ ಮೊದಲ ಕರಡನ್ನು ಜನ ಒಪ್ಪದೆ ವಾಪಸು ಕಳಿಸಿದ್ದರು. ಮಧ್ಯಾಹ್ನದ ಮೇಲೆ ಮುಖ್ಯಬೀದಿಯ ಇಕ್ಕೆಲದಲ್ಲೂ ಪಡೆಗಳು ಸಾಲುಗಟ್ಟಿ ನಿಂತವು. ನ್ಯಾಯಾಧೀಶರು ಟೋಪಿ ಕೈಯಲ್ಲಿ ಹಿಡಿದು ಆ ಸಾಲಿನ ನಡುವೆ ನಡೆದರು, ಪ್ರತಿ ಪಡೆಯೆದುರು ನಿಂತು ಅಧಿಕಾರ ಬಿಟ್ಟಿದ್ದೇವೆ ಎಂದು ಓದಿದರು, ಮೂವತ್ತಕ್ಕೂ ಹೆಚ್ಚು ಸಲ. ಒಂದು ಗುಂಡು ಹಾರಲಿಲ್ಲ. ಅಂದಿನಿಂದ ವುಸ್ಟರ್ ಜಿಲ್ಲೆಯಲ್ಲಿ ರಾಜನ ಆಡಳಿತ ಇಲ್ಲ. ಅಕ್ಟೋಬರ್ 4ರಂದು ಆ ಊರು ತನ್ನ ಪ್ರತಿನಿಧಿ, ಕಮ್ಮಾರ ತಿಮೊಥಿ ಬಿಗೆಲೋಗೆ, ಹೊಸ ಸರಕಾರ ಕಟ್ಟಲು ದುಡಿ ಎಂದು ಲಿಖಿತ ಸೂಚನೆ ಕೊಟ್ಟಿತು. ಜೆಫರ್ಸನ್‌ನ ಘೋಷಣೆಗೆ ಇನ್ನೂ ಇಪ್ಪತ್ತೊಂದು ತಿಂಗಳು ಬಾಕಿಯಿತ್ತು.

1765ರಲ್ಲಿ ಹಚಿನ್‌ಸನ್‌ನ ಮನೆ ಒಡೆದ ರಾತ್ರಿಯನ್ನೂ ಈ ಹಗಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂಬತ್ತು ವರ್ಷದಲ್ಲಿ ಗುಂಪು ಪಂಗಡವಾಗಿ, ಪಂಗಡ ಸಭೆಯಾಗಿ, ಸಭೆ ಸರಕಾರವಾಗುವ ಹಂತಕ್ಕೆ ಬಂದಿತ್ತು.

ಬಂದರು ಮುಚ್ಚಿದ ಬಾಸ್ಟನ್ನಿಗೆ ದಕ್ಷಿಣ ಕೆರೊಲಿನಾದಿಂದ ಅಕ್ಕಿ, ಮಾರ್ಬಲ್‌ಹೆಡ್‌ನಿಂದ ಒಣಮೀನು, ಕನೆಕ್ಟಿಕಟ್‌ನಿಂದ ಕುರಿಮಂದೆ ಬಂದವು. ಅವನ್ನು ತರಿಸಿ ಹಂಚಿ ಲೆಕ್ಕ ಇಟ್ಟದ್ದೂ ಸಮಿತಿಯೇ. ವರ್ಜಿನಿಯಾದಲ್ಲಿ ಬಾಸ್ಟನ್ನಿಗಾಗಿ ಉಪವಾಸ ಪ್ರಾರ್ಥನೆಯ ದಿನ ಸಾರಿದ್ದಕ್ಕೆ ಗವರ್ನರ್ ಡನ್‌ಮೋರ್ ಶಾಸನಸಭೆಯನ್ನು ವಿಸರ್ಜಿಸಿದ. ಸದಸ್ಯರು ಮರುದಿನ ಅದೇ ಬೀದಿಯ ರಾಲಿ ಹೆಂಡದಂಗಡಿಯಲ್ಲಿ ಸೇರಿ ಎಲ್ಲ ವಸಾಹತುಗಳ ಮಹಾಸಭೆಗೆ ಕರೆ ಕೊಟ್ಟರು.

ಆ ಮಹಾಸಭೆ, ಅಂದರೆ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್, 1774ರ ಸೆಪ್ಟೆಂಬರ್ 5ರಂದು ಫಿಲಡೆಲ್ಫಿಯಾದ ಬಡಗಿಗಳ ಸಂಘದ ಕಟ್ಟಡದಲ್ಲಿ ಆರಂಭವಾಯಿತು. ಹನ್ನೆರಡು ವಸಾಹತುಗಳಿಂದ 56 ಜನ. ಜಾರ್ಜಿಯಾ ಮಾತ್ರ ಬರಲಿಲ್ಲ. ಸ್ವಾತಂತ್ರ್ಯ ಬೇಕೆಂದು ಬಾಯಿಬಿಟ್ಟು ಹೇಳಿದವರು ಅಲ್ಲಿ ಸಿಗುವುದು ಕಷ್ಟ. ಅಮೆರಿಕಕ್ಕೂ ಒಂದು ಸಂಸತ್ತು ಇರಲಿ, ರಾಜನೊಡನೆ ಒಪ್ಪಂದ ಆಗಲಿ ಎಂದು ಪೆನ್ಸಿಲ್ವೇನಿಯಾದ ಜೋಸೆಫ್ ಗ್ಯಾಲೊವೇ ಮಂಡಿಸಿದ ಯೋಜನೆ ಐದಕ್ಕೆ ಆರು ಮತಗಳಿಂದ, ಕೂದಲೆಳೆಯಲ್ಲಿ ಬದಿಗೆ ಸರಿಯಿತು. ಆಮೇಲೆ ಅದನ್ನು ನಡಾವಳಿಯಿಂದಲೇ ಅಳಿಸಿಹಾಕಿದರು. ದಾಖಲೆಯ ಬಲವನ್ನು ಬಲ್ಲವರಿಗೆ ದಾಖಲೆ ಮಾಡದಿರುವುದರ ಬಲವೂ ಗೊತ್ತಿತ್ತು.

ಅಕ್ಟೋಬರ್ 20ರಂದು ಒಪ್ಪಿದ 'ಅಸೋಸಿಯೇಷನ್' ಎಂಬ ಹದಿನಾಲ್ಕು ಕಲಮುಗಳ ಕರಾರು ಆ ಕಾಂಗ್ರೆಸ್ಸಿನ ನಿಜವಾದ ಕೆಲಸ. ಡಿಸೆಂಬರ್ 1ರಿಂದ ಬ್ರಿಟಿಷ್ ಸರಕು ತರಿಸುವಂತಿಲ್ಲ. ಬಗ್ಗದಿದ್ದರೆ 1775ರ ಸೆಪ್ಟೆಂಬರ್ 10ರಿಂದ ಕಳಿಸುವಂತೆಯೂ ಇಲ್ಲ. ಉಣ್ಣೆ ಬೇಕು, ಆದ್ದರಿಂದ ಕುರಿಗಳನ್ನು ಮಿತವಾಗಿ ಕಡಿಯಬೇಕು. ಕುದುರೆ ಜೂಜು, ಕೋಳಿ ಅಂಕ, ನಾಟಕ ಬೇಡ. ಹೆಣದ ಹಿಂದೆ ಹೋಗುವವರಿಗೆ ಕೈಗವಸು, ಶಾಲು ಹಂಚುವ ಆಡಂಬರವೂ ಬೇಡ, ಒಂದು ಕಪ್ಪು ಪಟ್ಟಿ ಸಾಕು. ಇಷ್ಟೆಲ್ಲವನ್ನು ನೋಡಿಕೊಳ್ಳುವವರು ಯಾರು? ಹನ್ನೊಂದನೆಯ ಕಲಮು ಅದಕ್ಕೆ ಉತ್ತರ. ಪ್ರತಿ ಜಿಲ್ಲೆ, ನಗರ, ಊರಿನಲ್ಲೂ ಮತದಾರರು ಒಂದು ಸಮಿತಿ ಆರಿಸಬೇಕು. ಎಲ್ಲರ ನಡತೆಯನ್ನೂ ಅದು ಗಮನಿಸಬೇಕು. ಕರಾರು ಮುರಿದವನ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕು. ಆಮೇಲೆ ಯಾರೂ ಅವನೊಡನೆ ವ್ಯವಹಾರ ಇಟ್ಟುಕೊಳ್ಳಕೂಡದು.

1770ರ ತಪ್ಪು ಇಲ್ಲಿ ತಿದ್ದುಪಡಿಯಾಯಿತು. ಕೀಲಿಕೈ ವರ್ತಕನಿಂದ ಊರಿಗೆ ಬಂತು. 1775ರ ವಸಂತದ ಹೊತ್ತಿಗೆ ಇಂಥ ಸಮಿತಿಗಳಿಗೆ ಆಯ್ಕೆಯಾಗಿದ್ದವರು ಸುಮಾರು 7,000 ಜನ ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಎಷ್ಟೋ ಮಂದಿ ಅದುವರೆಗೆ ಯಾವ ಪದವಿಯನ್ನೂ ಕಂಡವರಲ್ಲ. ಬ್ರಿಟನ್ನಿನಿಂದ ಆಮದು ಕುಸಿದುಬಿತ್ತು.

ಇದು ಸೌಮ್ಯವಾದ ಕೆಲಸವಾಗಿತ್ತು ಎಂದುಕೊಳ್ಳಬೇಡಿ. ಊರಿಗೆ ಊರೇ ನಿನ್ನ ಹಿಟ್ಟು ಬೀಸುವುದಿಲ್ಲ, ನಿನ್ನ ಕುದುರೆಗೆ ಲಾಳ ಕಟ್ಟುವುದಿಲ್ಲ ಎಂದರೆ ಬಾಳುವುದು ಹೇಗೆ? ಸಮಿತಿಯೆದುರು ನಿಂತು ತಪ್ಪೊಪ್ಪಿಗೆ ಓದಿದವರು, ಓದದೆ ಊರು ಬಿಟ್ಟವರು ಬಹಳ. ಬಾಸ್ಟನ್ನಿನಲ್ಲಿ ಸುಂಕದ ನೌಕರ ಜಾನ್ ಮಾಲ್ಕಮ್‌ನ ಮೈಗೆ ಚಳಿಗಾಲದ ರಾತ್ರಿ ಕಾದ ಟಾರು ಬಳಿದು ಗರಿ ಅಂಟಿಸಿ ಬೀದಿ ಸುತ್ತಿಸಿದ್ದು ಇದಕ್ಕಿಂತ ಮೊದಲು, 1774ರ ಜನವರಿಯಲ್ಲಿ. ಆ ನೆನಪು ಸಮಿತಿಯ ಪ್ರತಿ ನೋಟೀಸಿನ ಹಿಂದೆಯೂ ಇತ್ತು. ನ್ಯೂಯಾರ್ಕಿನ ಪಾದ್ರಿ ಸ್ಯಾಮ್ಯುಯೆಲ್ ಸೀಬರಿ ಹೇಳಿದ್ದು, ಗುಲಾಮನಾಗಲೇಬೇಕಿದ್ದರೆ ರಾಜನಿಗಾದರೂ ಆಗುತ್ತೇನೆ, ನಿನ್ನೆ ಮೊನ್ನೆ ತಲೆಯೆತ್ತಿದ ಈ ಸಮಿತಿಯವರಿಗಲ್ಲ ಎಂದು. ಅವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಗುಲಾಮನಾಗುವ ಮಾತನ್ನು ಎರಡೂ ಕಡೆಯವರು ಧಾರಾಳವಾಗಿ ಆಡುತ್ತಿದ್ದರು. ಗುಲಾಮರು ಅದನ್ನು ಕೇಳಿಸಿಕೊಳ್ಳುತ್ತಿದ್ದರು. 1773ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ನಾಲ್ವರು ಕಪ್ಪು ಜನ, ಪೀಟರ್ ಬೆಸ್ಟೆಸ್, ಸ್ಯಾಂಬೊ ಫ್ರೀಮನ್, ಫೀಲಿಕ್ಸ್ ಹಾಲ್‌ಬ್ರೂಕ್, ಚೆಸ್ಟರ್ ಜಾಯ್, ತಮ್ಮವರ ಪರವಾಗಿ ಒಂದು ಮನವಿಯನ್ನು ಅಚ್ಚು ಹಾಕಿಸಿದರು. ಊರಿನ ಹೆಸರಿಗೆ ಜಾಗ ಖಾಲಿ ಬಿಟ್ಟು, ತುಂಬಿಸಿ, ಊರೂರಿನ ಪ್ರತಿನಿಧಿಗೆ ಕಳಿಸುವ ಪತ್ರ. ಸಹಜೀವಿಗಳು ತಮ್ಮನ್ನು ಗುಲಾಮರಾಗಿಸುವುದನ್ನು ಇಷ್ಟು ಧೀರವಾಗಿ ಎದುರಿಸಿದವರಿಂದ ನಮಗೂ ಬಹಳ ನಿರೀಕ್ಷೆಯಿದೆ ಎಂಬುದು ಅದರ ಧಾಟಿ. ಆಡಮ್ಸ್‌ನ ಸಮಿತಿಯ ಉಪಾಯವನ್ನು ಐದೇ ತಿಂಗಳಲ್ಲಿ ಇಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ. ಶಾಸನಸಭೆ ಅವರಿಗೆ ಏನನ್ನೂ ಕೊಡಲಿಲ್ಲ. ಅಸೋಸಿಯೇಷನ್ನಿನ ಎರಡನೆಯ ಕಲಮು ಗುಲಾಮರನ್ನು ಹೊಸದಾಗಿ ತರಿಸುವುದನ್ನು ನಿಲ್ಲಿಸಿತು. ಇದ್ದವರ ಬಗ್ಗೆ ಮಾತಿಲ್ಲ. ಮತ ಹಾಕಿದವರು ಹೆಚ್ಚಾಗಿ ಆಸ್ತಿಯುಳ್ಳ ಬಿಳಿಯ ಗಂಡಸರು. ಉತ್ತರ ಕೆರೊಲಿನಾದ ಈಡನ್‌ಟನ್‌ನಲ್ಲಿ 1774ರ ಅಕ್ಟೋಬರ್‌ನಲ್ಲಿ 51 ಹೆಂಗಸರು ಬಹಿಷ್ಕಾರಕ್ಕೆ ಸಹಿ ಹಾಕಿದ್ದಕ್ಕೆ ಲಂಡನ್ನಿನಲ್ಲಿ ವ್ಯಂಗ್ಯಚಿತ್ರ ಬಂತು. ಪಶ್ಚಿಮದ ಕಾಡುಗಳ ಮೂಲನಿವಾಸಿಗಳಿಗಂತೂ ರಾಜನ 1763ರ ಗಡಿರೇಖೆಯೇ ಇದ್ದ ಒಂದಿಷ್ಟು ರಕ್ಷಣೆ, ಮತ್ತು ಆ ರೇಖೆಯೂ ವಸಾಹತಿನವರ ದೂರುಗಳ ಪಟ್ಟಿಯಲ್ಲಿತ್ತು.

ಮ್ಯಾಸಚೂಸೆಟ್ಸ್‌ನಲ್ಲಿ 1774ರ ಅಕ್ಟೋಬರ್‌ನಿಂದ ಪ್ರಾಂತೀಯ ಕಾಂಗ್ರೆಸ್ ಎಂಬ ಸಭೆ ಶಾಸನಸಭೆಯ ಜಾಗದಲ್ಲಿ ಕೂತಿತು. ತೆರಿಗೆಯನ್ನು ರಾಜನ ಖಜಾಂಚಿ ಹ್ಯಾರಿಸನ್ ಗ್ರೇಗೆ ಕಟ್ಟಬೇಡಿ, ನಾವು ನೇಮಿಸಿದ ಹೆನ್ರಿ ಗಾರ್ಡ್ನರ್‌ಗೆ ಕಟ್ಟಿ ಎಂದು ಅದು ಊರುಗಳಿಗೆ ಬರೆಯಿತು. ಎಲ್ಲರೂ ಕೂಡಲೇ ಕಟ್ಟಲಿಲ್ಲ, ತೆರಿಗೆ ಕಟ್ಟುವುದು ಯಾರಿಗೆ ತಾನೇ ಅವಸರ? ಆದರೂ ಹಣ ಯಾರ ಕೈಗೆ ಹೋಗುತ್ತದೆ ಎಂಬುದೇ ಸರಕಾರ ಯಾವುದೆಂದು ತೀರ್ಮಾನಿಸುವ ಮಾತು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು. ಸುದ್ದಿ ಹೊತ್ತ ಚೀಟಿ ಸವಾರನಿಂದ ಸವಾರನಿಗೆ ಕೈಬದಲಾಗುತ್ತ ದಕ್ಷಿಣಕ್ಕೆ ಓಡಿತು. ಪ್ರತಿ ಊರಿನ ಸಮಿತಿಯೂ ಬಂದ ವೇಳೆ ನಮೂದಿಸಿ, ಸಹಿ ಹಾಕಿ ಮುಂದಕ್ಕೆ ಕಳಿಸಿತು. 24ಕ್ಕೆ ಅದು ಫಿಲಡೆಲ್ಫಿಯಾದಲ್ಲಿತ್ತು. ಆ ವರ್ಷ ಮುಗಿಯುವುದರೊಳಗೆ ವರ್ಜಿನಿಯಾ, ನ್ಯೂಯಾರ್ಕ್, ಉತ್ತರ ಮತ್ತು ದಕ್ಷಿಣ ಕೆರೊಲಿನಾಗಳ ಗವರ್ನರುಗಳು ಬ್ರಿಟಿಷ್ ಹಡಗುಗಳ ಮೇಲೆ ಆಶ್ರಯ ಪಡೆದಿದ್ದರು. 1776ರ ಜನವರಿ 5ರಂದು ನ್ಯೂ ಹ್ಯಾಂಪ್‌ಶೈರ್ ತನ್ನದೇ ಸಂವಿಧಾನ ಬರೆದುಕೊಂಡಿತು. ಜುಲೈ 4ರ ಘೋಷಣೆ ಒಂದು ಆಡಳಿತವನ್ನು ಕೆಡವಲಿಲ್ಲ, ಬಿದ್ದುಹೋದದ್ದನ್ನು ದಾಖಲಿಸಿತು.

ಮೈಸೂರಿನ ಹೆಸರು ಲೆಕ್ಸಿಂಗ್ಟನ್‌ನಲ್ಲಿ ಶುರುವಾದ ಆ ಯುದ್ಧದಲ್ಲಿ ಒಂದು ಕಡೆ ಬರುತ್ತದೆ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ಹೆಸರಿನ ಗೆಳೆತನ ಅಷ್ಟಕ್ಕೇ ನಿಂತಿತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಐದು ವರ್ಷದಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ರಾಜರ ಯುದ್ಧವನ್ನೂ ಊರಸಭೆಗಳ ಬಂಡಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ, ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಅವನ ಎದುರು ನೆರೆಹೊರೆಯ ಹದಿಮೂರು ವಸಾಹತುಗಳು ಒಟ್ಟಾಗಿದ್ದವು. ಇಲ್ಲಿ ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಟಿಪ್ಪುವಿನ ನೆರೆಹೊರೆಯವರಾದ ಮರಾಠರೂ ನಿಜಾಮನೂ ಕಾರ್ನ್‌ವಾಲಿಸ್‌ನ ಪಕ್ಕದಲ್ಲೇ ನಿಂತಿದ್ದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರಿನ ಅರ್ಧ ರಾಜ್ಯವನ್ನು ಮೂವರೂ ಹಂಚಿಕೊಂಡರು. ಟಿಪ್ಪು ಕೊಡಬೇಕಾಗಿ ಬಂದದ್ದು 3 ಕೋಟಿ 30 ಲಕ್ಷ ರೂಪಾಯಿ, ಅದು ತೀರುವವರೆಗೆ ಒತ್ತೆಯಾಗಿ ಇಬ್ಬರು ಗಂಡುಮಕ್ಕಳು.